ಎರೆ ಹೊಲದ ರಿಪೋರ್ಟು ನೋಡಿ

ಮಗಾ,

ನಿನ್ನ ಕಾಗದ ಬಂತು. ಬಾಕಿದೆಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿದ್ಲು, ಬಿಡು. ಆದ್ರೆ ಕೊನೇಲಿ ಒಂದು ಸಾಲು ಬರ್ದಿದೀಯಲ್ಲ, "ದೊಡ್ಡಪ್ಪ, ನಮ್ಮ ಎರೆ ಹೊಲ ಸತ್ತೋಗಿದ್ಯಾ" ಅಂತ, ಅದನ್ನ ಓದಿದ ಮೇಲೆ ರಾತ್ರಿ ನಿದ್ದೆ ಹತ್ಲಿಲ್ಲ.

ನೀನು ಕಳ್ಸಿದ ಮಣ್ಣು ಪರೀಕ್ಷೆ ರಿಪೋರ್ಟಿನ ಫೋಟೋ ಮೂರು ಸಲ ದೊಡ್ಡದು ಮಾಡ್ಕೊಂಡು ನೋಡ್ದೆ. ಹುಳಿ-ಕ್ಷಾರ ಹೇಳೋ ಪಿಹೆಚ್ 8.4, ಉಪ್ಪಿನಂಶ ಹೇಳೋ ಇಸಿ 0.3, ಸಾವಯವ ಇಂಗಾಲ 0.36, ಸಾರಜನಕ ಕಮ್ಮಿ, ಪೊಟ್ಯಾಷ್ ಜಾಸ್ತಿ, ಜಿಂಕ್ 0.4. ಇದು ಸತ್ತ ಮಣ್ಣಿನ ಲೆಕ್ಕ ಅಲ್ಲ ಮಗಾ. ಇಸಿ ಅಷ್ಟೇ ಇದೆ ಅಂದ್ರೆ ಉಪ್ಪೇರಿಲ್ಲ. ಪೊಟ್ಯಾಷ್ ಅಷ್ಟೊಂದು ನಿಂತಿರೋದು ಎರೆ ಮಣ್ಣಿನ ಜಿಗುಟಿಂದ, ಮಸಾರಿ ಹೊಲದಲ್ಲಿ ಹಂಗೆ ನಿಲ್ಲಲ್ಲ. ಹೊಟ್ಟೆ ಉರಿಯೋದು ಇಂಗಾಲದ ಆ 0.36 ನೋಡಿ. 0.5ಕ್ಕಿಂತ ಕೆಳಗಿದ್ರೆ ಕಮ್ಮಿ ಅಂತ್ಲೇ ಲೆಕ್ಕ, ಸಾರಜನಕ ಕಮ್ಮಿ ಬಂದಿರೋದೂ ಅದ್ರ ಹಿಂದೇನೇ, ಆ ಇಂಗಾಲ ಇರೋದು, ಮಣ್ಣೊಳಗಿನ ಸಾರಜನಕ ಬಹುಪಾಲು ಇರೋದು ಎರಡೂ ಕೊಳೆತ ಕಸಕಡ್ಡೀಲೇ ಅಲ್ವಾ.

ಆ ಇಂಗಾಲ ಖಾಲಿ ಮಾಡಿದೋನು ನಾನೇ. 1996ರಲ್ಲಿ ಎತ್ತು ಮಾರಿದ್ವಿ, ಅವತ್ತಿಂದ ತಿಪ್ಪೆ ಗೊಬ್ಬರ ಹೊಲಕ್ಕೆ ಹೋಗೋದು ನಿಂತೋಯ್ತು. ಮೆಕ್ಕೆಜೋಳ ಮುರಿದ ಮೇಲೆ ಸಪ್ಪೆಗೆ ಬೆಂಕಿ ಹಾಕೋದು, ಬೇಗ ಗಳೆ ಹೊಡೀಬೇಕು ಅಂತ. ನಿಮ್ಮಪ್ಪ ಬೇಡ ಅಂದಿದ್ದ, ನಾನು ಕೇಳ್ಲಿಲ್ಲ. ಒಂದು ವರ್ಷ ಪೈರು ಮೊಳಕೈಯುದ್ದ ಇರುವಾಗ್ಲೇ ಸುಳಿ ಬೆಳ್ಳಗಾಗಕ್ಕೆ ಶುರುವಾಯ್ತು, ಅಂಗಡಿಯೋನು ಹೇಳ್ದ ಅಂತ ಯೂರಿಯಾ ಮೇಲೆ ಯೂರಿಯಾ ಎರಚಿದೆ, ಮುಂದಿನ ವರ್ಷ ರಂಜಕ ಇರೋ ಡಿಎಪಿ ಗೊಬ್ಬರ ಡಬಲ್ ಮಾಡಿದೆ. ಆಮೇಲೆ ಗೊತ್ತಾಯ್ತು ಅದು ಜಿಂಕ್ ಕೊರತೆ, ಸುಣ್ಣದ ಹರಳಿರೋ ಮಣ್ಣಲ್ಲಿ ಪಿಹೆಚ್ ಏರಿದಂಗೆಲ್ಲ ಜಿಂಕ್, ಕಬ್ಬಿಣ ಕರಗಲ್ಲ, ಬೇರಿಗೆ ಸಿಗಲ್ಲ, ಅದ್ರ ಮೇಲೆ ರಂಜಕ ಸುರಿದ್ರೆ ಇನ್ನೂ ಕಷ್ಟ. ನೀನು ಸತ್ತೋಗಿದ್ಯಾ ಅಂತ ಕೇಳಿದಾಗ ನಂಗೆ ಆ ಬೆಳ್ಳಗಿನ ಸುಳೀನೇ ಕಣ್ಮುಂದೆ ಬಂತು.

ನಾನು ಹೇಳಿದ್ದೇ ಮಾಡು ಅಂತಲ್ಲ, ಕೃಷಿ ವಿಜ್ಞಾನ ಕೇಂದ್ರದೋರ್ನೂ ಒಂದ್ಸಲ ಕೇಳ್ಕೋ. ಬಿತ್ತನೆಗೆ ಮುಂಚೆ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಹಾಕು, ಡಿಎಪಿ ಜೊತೆ ಮಾತ್ರ ಬೆರೆಸ್ಬೇಡ. ಪಿಹೆಚ್ ಇಳಿಸ್ತೀವಿ ಅಂತ ಯಾರಾದ್ರೂ ಜಿಪ್ಸಂ ಮಾರಕ್ಕೆ ಬಂದ್ರೆ ಅವಸರ ಪಡ್ಬೇಡ, ಅದು ಸೋಡಿಯಂ ಕೂತಿರೋ ಚೌಳಿಗೆ, ನಮ್ಮದು ಸುಣ್ಣದಿಂದ ಏರಿದ ಪಿಹೆಚ್ ಅನ್ಸುತ್ತೆ. ಬೇಸಿಗೇಲಿ ಕುರಿಯೋರು ಬಂದ್ರೆ ನಾಲ್ಕು ರಾತ್ರಿ ಮಂದೆ ತರುಬಿಸು. ದುಡ್ಡು ಸಾಲ್ದಿದ್ರೆ ಹೇಳು, ಸಂಕೋಚ ಬೇಡ.

ಇಂಗಾಲ ಒಂದೇ ವರ್ಷದಲ್ಲಿ ಏರಲ್ಲ ಮಗಾ, ಅದಕ್ಕೆ ಮುಂದಿನ ರಿಪೋರ್ಟಲ್ಲೂ 0.36ರ ಹತ್ರಾನೇ ಬಂದ್ರೆ ಮತ್ತೆ ಸತ್ತೋಯ್ತು ಅಂತ ಬರೀಬೇಡ, ಮಾರೋ ಮಾತಂತೂ ಎತ್ಲೇಬೇಡ.

ಮಣ್ಣು ಎಲ್ಲಿಂದ ತೆಗೆದೆ ಅಂತ ಬರೀಲಿಲ್ಲ. ಹತ್ತು ಕಡೆ ಗೇಣುದ್ದ ಗುಂಡಿ ತೆಗೆದು ಕಲಸಿದ್ದಾ, ಇಲ್ಲ ಬದುವಿನ ಪಕ್ಕದ್ದಾ? ಮೂಡಲ ಮೂಲೇಲಿ ಹಳೇ ತಿಪ್ಪೆ ಇದ್ದ ಜಾಗ ಇದೆಯಲ್ಲ, ಅಲ್ಲಿನ ಮಣ್ಣು ಇದಕ್ಕೆ ಸೇರಿಸ್ಬೇಡ. ಅದನ್ನ ಬೇರೆ ಚೀಲದಲ್ಲಿ ಅರ್ಧ ಕೆಜಿ ಕಟ್ಟಿ ಕಳ್ಸು. ಅಲ್ಲಿ ಇಂಗಾಲ ಎಷ್ಟು ಬರುತ್ತೆ ಅಂತ ನಾನು ನೋಡ್ಬೇಕು.

ನಿನ್ನ ದೊಡ್ಡಪ್ಪ