ಅಲ್ಲಿಯ ಕುಂಬಳಕ್ಕೆ ನಮ್ಮ ಒಗ್ಗರಣೆ

ಹಾಸನ

ಪ್ರೀತಿಯ ಪುಟ್ಟಿ,

ಹೀರೆಕಾಯಿ ಸಿಗಲಿಲ್ಲ, ಅದಕ್ಕೇ ಬ್ರೆಡ್ ತಿಂದು ಮಲಗಿದೆ ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಆಗಿನಿಂದ ನನಗೆ ಅದೇ ಯೋಚನೆ. ಜಪಾನಿನ ಒಸಾಕಾದಲ್ಲಿ ಅಕ್ಟೋಬರ್ ತಿಂಗಳಲ್ಲಿ ಹೀರೆಕಾಯಿ ಯಾಕೆ ಹುಡುಕಬೇಕು? ಇಂಡಿಯನ್ ಅಂಗಡಿಯವರೆಗೂ ಹೋಗಿ, ಫ್ರೀಜರಿನಲ್ಲಿಟ್ಟ ತರಕಾರಿಗೆ ಸುಮ್ನೆ ಅಷ್ಟೊಂದು ದುಡ್ಡು ಸುರಿಯಬೇಡ. ನಿನ್ನ ಮನೆ ಹತ್ತಿರದ ಅಂಗಡಿಯಲ್ಲಿ ಈಗ ಯಾವುದು ರಾಶಿ ಬಿದ್ದಿದೆಯೋ ಅದನ್ನೇ ತಾ. ಒಗ್ಗರಣೆ ನಮ್ಮದಾದರೆ ಸಾಕು. ಇಲ್ಲಿ ನಾವು ಮಾಡುವುದೂ ಅದೇ ಅಲ್ವಾ? ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಈಗ ಸಿಹಿಗುಂಬಳ, ಗೆಣಸು, ಹಸಿ ಶುಂಠಿ. ಸೊಗಡಿನ ಅವರೆ ಬೇಕೆಂದರೆ ಚಳಿ ಬೀಳಬೇಕು. ಅಲ್ಲಿಯವರೆಗೂ ಕಾಯುತ್ತೇವೆ.

ಹೋದ ವರ್ಷ ನಿನ್ನ ಮನೆಗೆ ಬಂದಿದ್ದಾಗ ನನಗೆ ತುಂಬಾ ಹಿಡಿಸಿದ್ದು ಆ ಹಸಿರು ಸಿಪ್ಪೆಯ ಕುಂಬಳ, ಕಬೋಚಾ. ನಮ್ಮ ಸಿಹಿಗುಂಬಳಕ್ಕಿಂತ ನೀರು ಕಮ್ಮಿ, ಸಿಹಿ ಜಾಸ್ತಿ, ಬೆಂದರೆ ಹಿಟ್ಟು ಹಿಟ್ಟಾಗಿರುತ್ತದೆ. ಸಿಪ್ಪೆ ಗಟ್ಟಿ, ಚಾಕು ಜಾರೀತು, ಜೋಕೆ. ಅರ್ಧ ಹೋಳು ತಂದು ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಇಡು. ಆಮೇಲೆ ಕೊಯ್ದ ಬದಿ ಕೆಳಗೆ ಮಾಡಿ ಹೆಚ್ಚು. ಸಿಪ್ಪೆ ತೆಗೆಯಬೇಡ. ಬೆಂದಾಗ ಅದೂ ಮೆತ್ತಗಾಗುತ್ತದೆ, ಹೋಳೂ ಕರಗಿ ಹೋಗುವುದಿಲ್ಲ. ಬಾಣಲೆಗೆ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಚೂರು ಇಂಗು. ಹೋಳುಗಳನ್ನು ಸಿಪ್ಪೆ ಕೆಳಗಾಗುವ ಹಾಗೆ ಜೋಡಿಸಿ, ಉಪ್ಪು, ಅರ್ಧ ಲೋಟ ನೀರು ಹಾಕಿ ಮುಚ್ಚಿಬಿಡು. ಹತ್ತು ನಿಮಿಷ ಸಾಕು. ಸೌಟು ಆಡಿಸಬೇಡ. ನೀರು ಇಂಗಿದ ಮೇಲೆ ಹುಚ್ಚೆಳ್ಳು ಪುಡಿ ಉದುರಿಸಿ ಇಳಿಸು. ಬೆಲ್ಲ ಬೇಡವೇ ಬೇಡ.

ನೀನು ತಗೊಂಡು ಹೋದ ಪುಡಿ ಮುಗಿದಿದ್ದರೆ ಚಿಂತೆ ಇಲ್ಲ. ಅಲ್ಲಿಯ ಕಪ್ಪು ಎಳ್ಳನ್ನೇ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಪುಡಿ ಮಾಡಿಕೋ. ಅಲ್ಲಿಯವರು ಬೇಯಿಸಿದ ಸೊಪ್ಪಿಗೆ ಎಳ್ಳು ಪುಡಿ ಕಲಸಿ ತಿನ್ನುತ್ತಾರಲ್ಲ, ಅದನ್ನು ನೋಡಿದಾಗಲೇ ನನಗೆ ಇದು ಹೊಳೆದದ್ದು.

ದೈಕೋನ್ ಏನೂ ಹೊಸದಲ್ಲ, ಮೂಲಂಗಿಯೇ. ಎಲೆಯ ಕಡೆಯ ಭಾಗ ಸಿಹಿ, ಅದನ್ನು ತುರಿದು ಕೋಸಂಬರಿ ಮಾಡು. ತುದಿ ಖಾರ, ಅದು ಹುಳಿಗೆ.

ಗೆಣಸನ್ನು ಮಾತ್ರ ಕುಕ್ಕರಿಗೆ ಹಾಕಬೇಡ. ನಿನ್ನ ಅಜ್ಜಿ ಒಲೆಯ ಬಿಸಿ ಬೂದಿಯಲ್ಲಿ ಹೂತಿಟ್ಟು ಮರೆತೇಬಿಡುತ್ತಿದ್ದರು, ನೆನಪಿದೆಯಾ? ಗೆಣಸು 70 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಒಳಗಿನ ಹಿಟ್ಟಿನಂಶ ಸಕ್ಕರೆಯಾಗುತ್ತಾ ಹೋಗುತ್ತದೆ. ನಿಮ್ಮಲ್ಲಿ ಕಾದ ಕಲ್ಲಿನ ಮೇಲೆ ಸುಟ್ಟು ಮಾರುವ ಗೆಣಸಿಗೆ ಆ ರುಚಿ ಬರುವುದೂ ಇದರಿಂದಲೇ. ನಿನ್ನ ಓವನ್‌ನಲ್ಲಿ 160 ಡಿಗ್ರಿಗೆ ಒಂದೂವರೆ ಗಂಟೆ ಇಟ್ಟು ನಿನ್ನ ಕೆಲಸ ನೋಡಿಕೋ.

ಹೊಸ ಅಕ್ಕಿಯೂ ಅಂಗಡಿಗೆ ಬಂದಿರಬೇಕು. ಮುದ್ದೆಯಾಗುತ್ತದೆ ಅಂತ ನಾವು ಹಳೇ ಅಕ್ಕಿಯನ್ನೇ ಹುಡುಕುತ್ತೇವೆ, ಅವರು ಹೊಸದಕ್ಕೇ ಕಾದಿರುತ್ತಾರೆ. ಅದರಲ್ಲಿ ತೇವ ಜಾಸ್ತಿ, ನೀರು ಸ್ವಲ್ಪ ಕಮ್ಮಿ ಇಡು. ಚಿತ್ರಾನ್ನಕ್ಕೆ ಅದು ಆಗಿಬರುವುದಿಲ್ಲ. ಮೊಸರನ್ನಕ್ಕೆ, ಬಿಸಿಬೇಳೆಬಾತಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಒಬ್ಬಳಿಗೋಸ್ಕರ ಏನು ಅಡುಗೆ ಅಂತ ಮಾತ್ರ ಅನ್ನಬೇಡ ಕಂದ. ದಿನವಿಡೀ ದುಡಿದು ಬರುವವಳು ನೀನು. ಬಿಸಿ ಅನ್ನ, ಒಂದು ಪಲ್ಯ ಹೊಟ್ಟೆಗೆ ಬೀಳಲೇಬೇಕು.

ಇಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ದಿನ ಹತ್ತಿರ ಬಂತು, ನೆಂಟರು ಬರುತ್ತಾರೆ. ಅದಕ್ಕೇ ಭಾನುವಾರ ಬೆಳಿಗ್ಗೆ ಬೇಗ ಫೋನ್ ಮಾಡು. ಅಷ್ಟರೊಳಗೆ ತಾವರೆ ಗೆಡ್ಡೆ ತಂದಿಟ್ಟಿರು, ಮಜ್ಜಿಗೆಹುಳಿ ಮಾಡೋಣ. ಹೆಚ್ಚಿದ ಕೂಡಲೇ ಕಪ್ಪಾಗುತ್ತದೆ, ವಿನಿಗರ್ ಬೆರೆಸಿದ ನೀರು ಪಕ್ಕದಲ್ಲೇ ಇರಲಿ.

ಇಂತಿ,
ನಿನ್ನ ಅಮ್ಮ