ಮಗಳಿಗೊಂದು ಪತ್ರ: ಪಂಚಾಂಗದಲ್ಲಿ ಬಚ್ಚಿಟ್ಟ ರಿಪೋರ್ಟು

ಪುಟ್ಟೀ,

ಭಾನುವಾರ ಫೋನಿನಲ್ಲಿ ‘ಹೇಗಿದೀರಾ ಅಪ್ಪ’ ಅಂತ ಕೇಳಿದೆಯಲ್ಲ, ‘ಚೆನ್ನಾಗಿದೀನಿ’ ಅಂದುಬಿಟ್ಟೆ. ಅದು ಅರ್ಧ ಸುಳ್ಳು. ಫೋನಿನಲ್ಲಿ ಹೇಳಲು ಹೋದರೆ ನೀನು ಅಳುತ್ತೀಯ, ನಿಮ್ಮಮ್ಮ ಫೋನ್ ಕಿತ್ತುಕೊಳ್ಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ದಸರಾ ಕಳೆದ ಮೇಲೆ ಒಂದು ದಿನ ಬರಿಗಾಲಲ್ಲಿ ತೋಟಕ್ಕೆ ಹೋಗಿದ್ದೆ. ರಾತ್ರಿ ಚಾಪೆ ಮೇಲೆ ರಕ್ತದ ಕಲೆ ನೋಡಿ ಅಮ್ಮ ಕಾಲು ಎತ್ತಿಸಿದಳು. ಅಂಗಾಲಿನಲ್ಲಿ ಕರಟದ ಚೂರು! ಬೆಳಗ್ಗೆಯಿಂದ ಅದರ ಮೇಲೇ ಓಡಾಡಿದ್ದೇನೆ, ಗೊತ್ತೇ ಆಗಿಲ್ಲ. ನೋವಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ನರಗಳು ಮಂಕಾಗಿವೆ ಅಂದರು ಡಾಕ್ಟರು. 3 ವಾರ ಡ್ರೆಸ್ಸಿಂಗ್ ಆಯಿತು. ಗಾಯ ಮಾಯ್ದಿದೆ, ಗಾಬರಿಯಾಗಬೇಡ.

ಆಮೇಲೆ ರಕ್ತ ಪರೀಕ್ಷೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಗಬೇಡ. 2 ದಿನ ಮುಂಚಿನಿಂದ ಅರ್ಧ ಮುದ್ದೆ ತಿಂದು, ಬೆಲ್ಲದ ಕಾಫಿ ಬಿಟ್ಟು, ಹೇಗೋ ಪಾಸಾಗೋಣ ಅಂತಿದ್ದೆ. ಅವರು ಮಾಡಿಸಿದ್ದು ಎಚ್‌ಬಿಎ1ಸಿ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದಂತೆ, ಅದಕ್ಕೆ ಅಂಟಿದ ಸಕ್ಕರೆಯ ಲೆಕ್ಕ ಅದು. ಅಂದರೆ 2-3 ತಿಂಗಳ ಸರಾಸರಿ. 32 ವರ್ಷ ಸರಾಸರಿ ಕಲಿಸಿದ ಲೆಕ್ಕದ ಮೇಷ್ಟ್ರು ಸರಾಸರಿಗೇ ಸಿಕ್ಕಿಬಿದ್ದೆ. 9.1 ಬಂತು. ನನಗೆ 7ರ ಆಸುಪಾಸು ಇರಬೇಕಂತೆ.

ಆ ರಿಪೋರ್ಟನ್ನು ಪಂಚಾಂಗದೊಳಗೆ ಬಚ್ಚಿಟ್ಟಿದ್ದೆ. ನೀನು 7ನೇ ಕ್ಲಾಸಿನಲ್ಲಿ ಮಾರ್ಕ್ಸ್ ಕಾರ್ಡನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆಯಲ್ಲ, ಹಾಗೇ. ಆವತ್ತು ನಿನಗೆ ಎಷ್ಟು ಬೈದೆ. ತಪ್ಪಾಯಿತು ಕಣೇ.

ರಿಟೈರಾಗಿ 3 ವರ್ಷವಾದರೂ ಒಂಬತ್ತೂವರೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತೇನೆ. ಎಲ್ಲಿಗೆ ಅಂತ ಅಮ್ಮ ಈಗ ಕೇಳುವುದನ್ನೂ ಬಿಟ್ಟಿದ್ದಾಳೆ. ಶಾಲೆಗೆ ಹೋಗಿ ಬರುವಾಗ ದಿನಾ 4 ಕಿಲೋಮೀಟರ್ ನಡಿಗೆ ಆಗುತ್ತಿತ್ತು. ಈಗ ಜಗಲಿ, ಪೇಪರ್, ಕಾಫಿ ಮೇಲೆ ಕಾಫಿ. ಸಕ್ಕರೆ ಏರಿದ್ದು ಇದರಿಂದಲೇ ಅಂತ ನನ್ನ ಅನುಮಾನ.

ನವೆಂಬರಿನಲ್ಲಿ ಬದುಕಿದ್ದೇನೆ ಅಂತ ಬ್ಯಾಂಕಿಗೆ ತೋರಿಸಬೇಕಲ್ಲ, ಈ ಸಲ ಹೆಬ್ಬೆಟ್ಟು ಹೊಂದಲಿಲ್ಲ. ಗೆರೆ ಸವೆದಿದೆಯಂತೆ. ಕೊನೆಗೆ ಒಬ್ಬಳು ಹುಡುಗಿ ಮೊಬೈಲ್ ಹಿಡಿದು ‘ಕಣ್ಣು ಮಿಟುಕಿಸಿ ಸಾರ್’ ಅಂದಳು. ಮಿಟುಕಿಸಿದೆ. ಇನ್ನೊಂದು ವರ್ಷ ಪಿಂಚಣಿ ಬರುತ್ತದೆ.

ಡಾಕ್ಟರ ಹತ್ತಿರ ತುಮಕೂರಿಗೆ ಹೋಗುವಾಗ ಅಮ್ಮ ಜೊತೆಗೇ ಬರುತ್ತಾಳೆ. ಹಿರಿಯ ನಾಗರಿಕ ಅಂತ ನನಗೆ ಬಸ್ಸಿನಲ್ಲಿ 25 ಪರ್ಸೆಂಟ್ ರಿಯಾಯಿತಿ, ಅವಳಿಗೆ ಪೂರ್ತಿ ಫ್ರೀ. ಅದನ್ನು ಹೇಳಿ ಹೇಳಿ ದಾರಿಯುದ್ದಕ್ಕೂ ರೇಗಿಸುತ್ತಾಳೆ. ಈಗ ದಿನಾ ಬೆಳಗ್ಗೆ ಇಬ್ಬರೂ ಕೆರೆ ಏರಿವರೆಗೆ ನಡೆಯುತ್ತೇವೆ, ನನ್ನ ಕಾಲಲ್ಲಿ ದಪ್ಪನೆಯ ಎಂಸಿಆರ್ ಚಪ್ಪಲಿ, ಮಂಕಾದ ಕಾಲಿಗೆಂದು ಮೆತ್ತನೆ ರಬ್ಬರಿನಲ್ಲಿ ಮಾಡಿದ್ದು. ನೋಡಲು ಚೆನ್ನಾಗಿಲ್ಲ, ಆದರೆ ಮೆತ್ತಗಿದೆ. ರಾತ್ರಿ ಮಲಗುವ ಮುಂಚೆ ಅಂಗಾಲಿಗೆ ಕನ್ನಡಿ ಹಿಡಿದು ನೋಡಿಕೊಳ್ಳುತ್ತೇನೆ. ಮುಖವನ್ನೂ ಇಷ್ಟು ಹೊತ್ತು ನೋಡಿಕೊಂಡವನಲ್ಲ ನಾನು.

ಸಂಕ್ರಾಂತಿ ಹೊತ್ತಿಗೆ ಮತ್ತೆ ಟೆಸ್ಟ್ ಇದೆ. ಈ ಸಲ ರಿಪೋರ್ಟು ಟಿವಿ ಪಕ್ಕದಲ್ಲೇ ಇರುತ್ತದೆ, ನೀನು ಬಂದಾಗ ನೋಡು. ಮೈಸೂರ್ ಪಾಕ್ ತರಬೇಡ. ತಂದರೆ ಅಮ್ಮನ ಕೈಗೆ ಕೊಡು, ನನ್ನ ಕಣ್ಣಿಗೆ ಬೀಳದ ಹಾಗೆ.

ನಿನ್ನ ಅಪ್ಪ