ಹಳೆಯ ಆಟಿಕೆಯೆಂದು ಅವಮಾನವನ್ನು ಷೋಕೇಸಿನಲ್ಲಿ ಇಡುವುದು ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ಆಟಿಕೆಗಳ ಸಂಗ್ರಹದ ಬಗ್ಗೆ ಬಂದ ಲೇಖನ ಓದಿದೆ. ಚನ್ನಪಟ್ಟಣದ ಬುಗುರಿ, ಸಾವಂತವಾಡಿಯ ಮರದ ಹಣ್ಣುಗಳು, ಕೀಲಿ ಕೊಟ್ಟರೆ ಓಡುವ ತಗಡಿನ ರೈಲು, ಎಲ್ಲವನ್ನೂ ನೋಡಿ ಸಂತೋಷವಾಯಿತು. ಆದರೆ ಅವುಗಳ ನಡುವೆ ಕರಿಯ ಮುಖದ ಕಬ್ಬಿಣದ ಹುಂಡಿಯೊಂದರ ಚಿತ್ರವಿತ್ತು. ಕೆಳಗೆ ‘ಮುದ್ದಾದ ಕಪ್ಪು ಹುಡುಗ’ ಎಂದು ಬರೆದಿತ್ತು. ಇಂಥ ಗೊಂಬೆಗಳನ್ನೂ ಈಗ ಅವಮಾನ ಎನ್ನುವವರಿದ್ದಾರೆ, ಆಟಿಕೆಯನ್ನು ಆಟಿಕೆಯಾಗಿ ನೋಡಿದರೆ ಸಾಲದೇ ಎಂದು ಲೇಖಕರು ಕೇಳಿದ್ದಾರೆ. ಸಾಲದು. ಏಕೆ ಸಾಲದು ಎಂದು ಹೇಳುವುದಕ್ಕೇ ಈ ಪತ್ರ.

ನಾನು ಪುಣೆಯ ಭೋಸರಿಯ ಫೌಂಡ್ರಿಗಳಲ್ಲಿ ಬೀಡು ಕಬ್ಬಿಣದ ಎರಕದ ಕೆಲಸ ಮಾಡಿ ನಿವೃತ್ತನಾದವನು. ಹುಟ್ಟೂರು ಉತ್ತರ ಕನ್ನಡದ ಹಳಿಯಾಳ ತಾಲ್ಲೂಕಿನಲ್ಲಿದೆ. ಆ ಹುಂಡಿ ಹೇಗೆ ತಯಾರಾಗುತ್ತದೆ ಎಂಬುದು ನನಗೆ ಕೆಲಸದಿಂದ ಗೊತ್ತು. ಅದು ಯಾರ ಮುಖವನ್ನು ಹಂಗಿಸುತ್ತದೆ ಎಂಬುದು ಊರಿನಿಂದ ಗೊತ್ತು.

ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ಜುನಾ ಬಾಜಾರ್ ಸೇರುತ್ತದೆ. ಹಳೆಯ ಉಪಕರಣಗಳನ್ನು ಹುಡುಕಿಕೊಂಡು ನಾನು ಅಲ್ಲಿಗೆ ಹೋಗುವುದುಂಟು. ಅಲ್ಲಿ ಈ ಹುಂಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ್ದೇನೆ. ಎದೆಯಿಂದ ಮೇಲಿನ ಆಕೃತಿ ಮಾತ್ರ. ಮಸಿಯಂಥ ಮುಖ, ಕೆಂಪು ಅಂಗಿ, ಅರ್ಧ ಮುಖ ತುಂಬಿದ ಕೆಂಪು ತುಟಿ, ಹೊರಚಾಚಿದ ನಾಲಿಗೆ, ದೊಡ್ಡ ಬಿಳಿ ಕಣ್ಣುಗುಡ್ಡೆ. ಮುಂದೆ ಚಾಚಿದ ಒಂದು ಅಂಗೈ. ಅದರ ಮೇಲೆ ನಾಣ್ಯವಿಟ್ಟು ಬೆನ್ನ ಹಿಂದಿನ ಸನ್ನೆಕೋಲನ್ನು ಒತ್ತಿದರೆ ಕೈ ಮೇಲೆದ್ದು ನಾಣ್ಯವನ್ನು ಬಾಯಿಗೆ ಹಾಕುತ್ತದೆ, ನಾಲಿಗೆ ಒಳಗೆ ಸರಿಯುತ್ತದೆ, ಕಣ್ಣುಗಳು ಮೇಲಕ್ಕೆ ತಿರುಗುತ್ತವೆ. ಮಕ್ಕಳು ನಗಬೇಕಾದದ್ದು ಆ ಕ್ಷಣದಲ್ಲಿ.

ಮಾರುವವನು ಇದು ಬ್ರಿಟಿಷರ ಕಾಲದ್ದು ಎಂದ. ಅಲ್ಲ. ಹಳೆಯ ಎರಕದ ಮೈ ನಯವಾಗಿರುತ್ತದೆ, ಏಕೆಂದರೆ ಆಗ ಅಚ್ಚಿಗೆ ತೀರಾ ಸಣ್ಣ ಮರಳನ್ನು ಬಳಸುತ್ತಿದ್ದರು. ಎರಡು ಅರ್ಧಗಳು ಕೂಡುವ ಕಡೆ ಉಗುರೂ ಸೇರದು. ಇದರ ಬೆನ್ನು ತರಿತರಿಯಾಗಿತ್ತು, ಕೂಡುಗೆರೆಯಲ್ಲಿ ಬಿರುಕಿತ್ತು, ಕಂಕುಳಿನಲ್ಲಿ ಗ್ರೈಂಡರ್ ಉಜ್ಜಿದ ಗೆರೆಗಳಿದ್ದವು. ತುಕ್ಕು ಕಿತ್ತಳೆ ಬಣ್ಣದ್ದು, ಬೆರಳಿಗೆ ಅಂಟುತ್ತಿತ್ತು. ವರ್ಷಗಟ್ಟಲೆ ಕುಳಿತ ತುಕ್ಕು ಗಾಢ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅಂದರೆ ಈ ಮುಖವನ್ನು ಈಗಲೂ ಯಾರೋ ಹೊಸದಾಗಿ ಎರಕ ಹೊಯ್ದು, ಬೇಕೆಂದೇ ತುಕ್ಕು ಹಿಡಿಸಿ, ಪುರಾತನ ವಸ್ತುವೆಂದು ಮಾರುತ್ತಿದ್ದಾರೆ. ಅಜ್ಜನ ಕಾಲದ ನೆನಪು ಎಂದು ಲೇಖಕರು ಸಮರ್ಥಿಸಿಕೊಂಡ ವಸ್ತುಗಳಲ್ಲಿ ಎಷ್ಟೋ ನಿಜವಾಗಿ ಅಜ್ಜನ ಕಾಲದವೇ ಆಗಿರಲಾರವು.

ಇನ್ನೊಂದು ಮಾತನ್ನು ಕೆಲಸದವನಾಗಿ ಹೇಳುತ್ತೇನೆ. ಎರಕದಲ್ಲಿ ಯಾವುದೂ ತಾನಾಗಿ ಆಗುವುದಿಲ್ಲ. ಮೊದಲು ಪ್ಯಾಟರ್ನ್, ಅಂದರೆ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವ ಮಾದರಿಯನ್ನು ಕೊರೆಯಬೇಕು. ತುಟಿಯನ್ನು ಅಷ್ಟು ಉಬ್ಬಿಸಿದರೆ ಪ್ಯಾಟರ್ನ್ ಮರಳಿನಿಂದ ಸಲೀಸಾಗಿ ಮೇಲೇಳುವುದಿಲ್ಲ, ಕಬ್ಬಿಣವೂ ಹೆಚ್ಚು ಬೇಕು. ಕಣ್ಣು ತಿರುಗಬೇಕೆಂದರೆ ಒಳಗೆ ಬೇರೆ ಸನ್ನೆ, ನಾಲಿಗೆ ಸರಿಯಬೇಕೆಂದರೆ ಅದಕ್ಕೊಂದು ಜೋಡಣೆ. ಇಷ್ಟು ಖರ್ಚು, ಇಷ್ಟು ಬುದ್ಧಿ ಸುರಿದು ಆ ಮುಖವನ್ನು ಹಾಗೆ ಮಾಡಿದ್ದಾರೆ. ‘ಆ ಕಾಲದಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ’ ಎಂಬ ವಾದವನ್ನು ಫೌಂಡ್ರಿಯಲ್ಲಿ ಕೆಲಸ ಮಾಡಿದವನು ಒಪ್ಪುವುದು ಕಷ್ಟ.

ಈ ಮಾದರಿಯ ಹುಂಡಿಯನ್ನು ಅಮೆರಿಕದ ಬಫಲೋ ನಗರದ ಶೆಪರ್ಡ್ ಹಾರ್ಡ್‌ವೇರ್ ಕಂಪನಿ 1880ರ ದಶಕದಲ್ಲಿ ಮಾರುಕಟ್ಟೆಗೆ ತಂದಿತು. ಪೇಟೆಂಟ್ ಸಿಕ್ಕಿದ್ದು 1882ರಲ್ಲಿ. ಆ ದೇಶದಲ್ಲಿ ಗುಲಾಮಗಿರಿ ರದ್ದಾದದ್ದು 1865ರಲ್ಲಿ. ಅಂದರೆ ನಿನ್ನೆಯವರೆಗೆ ಸಂತೆಯಲ್ಲಿ ಮಾರಾಟಕ್ಕಿದ್ದ ಜನ ದುಡಿದು ಕೂಲಿ ಪಡೆಯಲು, ಮತ ಹಾಕಲು, ಶಾಲೆಗೆ ಹೋಗಲು ಹೊರಟ ಕಾಲವದು. ಅದೇ ಕಾಲದಲ್ಲಿ ಬಿಳಿಯರ ಮನೆಯ ಮಕ್ಕಳ ಕೈಗೆ, ಕಾಸು ಕಂಡರೆ ಬಾಯಿ ತೆರೆದು ಕಣ್ಣು ತಿರುಗಿಸುವ ಕಪ್ಪು ಮನುಷ್ಯನನ್ನು ಕೊಟ್ಟರು. ಆಟಿಕೆಯ ಹೆಸರಿನಲ್ಲೇ ಕಪ್ಪು ಜನರನ್ನು ಹೀಯಾಳಿಸುವ ಬೈಗುಳವಿತ್ತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಮುಂದೆ ಬ್ರಿಟನ್ನಿನ ಕಾರ್ಖಾನೆಗಳೂ ಇಂಥವನ್ನು ತಯಾರಿಸಿದವು.

ಲೇಖಕರು ಪ್ರೀತಿಯಿಂದ ನೆನೆದ ಗಾಲಿವಾಗ್ ಎಂಬ ಕಪ್ಪು ಮುಖದ ಬಟ್ಟೆಯ ಗೊಂಬೆಯ ಕಥೆ ಸ್ವಲ್ಪ ಬೇರೆ. ಫ್ಲಾರೆನ್ಸ್ ಅಪ್ಟನ್ ಎಂಬ ಕಲಾವಿದೆ 1895ರಲ್ಲಿ ಮಕ್ಕಳ ಪುಸ್ತಕವೊಂದಕ್ಕೆ ಅದನ್ನು ಚಿತ್ರಿಸಿದಳು. ಆಕೆಯ ಕಥೆಯಲ್ಲಿ ಅದು ಒಳ್ಳೆಯ ಸ್ವಭಾವದ ಪಾತ್ರವೇ. ಆದರೆ ಆ ರೂಪ ಬಂದದ್ದು ಆಕೆ ಬಾಲ್ಯದಲ್ಲಿ ಆಡಿದ್ದ ಒಂದು ಗೊಂಬೆಯಿಂದ. ಆ ಗೊಂಬೆ ಬಂದದ್ದು, ಬಿಳಿಯ ನಟರು ಸುಟ್ಟ ಬಿರಡೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡು ಕಪ್ಪು ಗುಲಾಮರನ್ನು ಅಣಕಿಸುತ್ತಿದ್ದ ರಂಗದ ಆಟಗಳಿಂದ. ಚಿತ್ರಕಾರ್ತಿಯ ಮನಸ್ಸು ಒಳ್ಳೆಯದಿರಬಹುದು, ಅವಳಿಗೆ ಸಿಕ್ಕ ಮುಖ ಮಾತ್ರ ಮೊದಲೇ ಕೆಟ್ಟಿತ್ತು. ಬ್ರಿಟನ್ನಿನ ರಾಬರ್ಟ್‌ಸನ್ಸ್ ಜಾಮ್ ಕಂಪನಿ 1910ರಿಂದ ಅದನ್ನು ತನ್ನ ಗುರುತಾಗಿ ಬಳಸಿ, 2001ರಲ್ಲಿ ಕೈಬಿಡುವುದಾಗಿ ಪ್ರಕಟಿಸಿತು. ಶತಮಾನದ ಹತ್ತಿರ ಹತ್ತಿರ ಆ ದೇಶದ ಮಕ್ಕಳು ಬೆಳಗಿನ ಬ್ರೆಡ್ಡಿನ ಜೊತೆ ಆ ಮುಖ ನೋಡಿದರು. ಅದೇ ದೇಶದ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಆ ಗೊಂಬೆಯ ಹೆಸರಿನಿಂದಲೇ ಕರೆದು ಗೋಳುಹೊಯ್ದುಕೊಂಡರು.

ಗೊಂಬೆ ಮಕ್ಕಳಿಗೆ ಏನು ಕಲಿಸುತ್ತದೆ ಎಂಬುದನ್ನು ಊಹೆಗೆ ಬಿಡಬೇಕಿಲ್ಲ. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ, ಇಬ್ಬರೂ ಕಪ್ಪು ಅಮೆರಿಕನ್ನರು, 1940ರ ದಶಕದಲ್ಲಿ 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಬೇರೆಲ್ಲದರಲ್ಲೂ ಒಂದೇ ತೆರನಾದ ಗೊಂಬೆಗಳನ್ನು ಇಟ್ಟರು. ಯಾವುದರ ಜೊತೆ ಆಡುತ್ತೀಯಾ, ಯಾವುದು ಒಳ್ಳೆಯದು, ಯಾವುದು ಕೆಟ್ಟದಾಗಿ ಕಾಣುತ್ತದೆ ಎಂದು ಕೇಳಿದರು. ಹೆಚ್ಚಿನ ಮಕ್ಕಳು ಒಳ್ಳೆಯದೆಂದು ಬಿಳಿಯ ಗೊಂಬೆಯನ್ನು ಆರಿಸಿದರು. ಕೊನೆಗೆ, ನಿನ್ನ ಹಾಗಿರುವುದು ಯಾವುದು ಎಂದು ಕೇಳಿದಾಗ ಕೆಲವು ಮಕ್ಕಳು ಅತ್ತುಬಿಟ್ಟರು, ಕೆಲವರು ಕೋಣೆಯಿಂದ ಓಡಿಹೋದರು. ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಾಗ ಕ್ಲಾರ್ಕ್ ಅವರ ಕೆಲಸವನ್ನೂ ಉಲ್ಲೇಖಿಸಿತು. ಒಂದು ದೇಶದ ಸರ್ವೋಚ್ಚ ನ್ಯಾಯಾಲಯ ಗೊಂಬೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿತು. ನಾವು ‘ಬರೀ ಗೊಂಬೆ’ ಎಂದು ಪುಟ ತಿರುಗಿಸುತ್ತೇವೆ.

ಅಮೆರಿಕದ ಮಾತು ನಮಗೇಕೆ ಎನ್ನುವವರಿಗೆ ನಮ್ಮ ಕಟ್ಟಡದಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಹಳಿಯಾಳದಲ್ಲಿ ನನ್ನ ಜೊತೆ ಓದಿದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಗೆಳೆಯನ ಮಗಳು ಪುಣೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಸಂಕ್ರಾಂತಿಗೆ ನಮ್ಮ ಮನೆಗೆ ಬಂದಿದ್ದಳು. ಎಳ್ಳುಂಡೆ ಕೊಡಲು ಎಲ್ಲರೂ ಕೂಡಿ ಪಕ್ಕದ ಮನೆಗೆ ಹೋದೆವು. ಆ ಮನೆಯ ಷೋಕೇಸಿನಲ್ಲಿ ಇದೇ ಹುಂಡಿ ಇತ್ತು. ಯಾರೋ ಮಗುವಿನ ಹುಟ್ಟುಹಬ್ಬಕ್ಕೆ ಕೊಟ್ಟದ್ದು. ಆ ಮನೆಯ ಹುಡುಗ ಇನ್ನೂ ಬಾಲವಾಡಿಗೆ ಹೋಗುವವನು. ಅವಳನ್ನು ಸ್ವಲ್ಪ ಹೊತ್ತು ನೋಡಿದ. ಒಳಗೆ ಹೋಗಿ ಒಂದು ರೂಪಾಯಿ ನಾಣ್ಯ ತಂದ. ಅವಳ ಕೈ ಹಿಡಿದು ಅಂಗೈ ಬಿಡಿಸಿ, ನಾಣ್ಯವನ್ನು ಅದರ ಮೇಲಿಟ್ಟು, ಎದುರಿಗೆ ನಿಂತು ಕಾದ.

ಯಾರೂ ಮಾತನಾಡಲಿಲ್ಲ. ಅವಳು ನಾಣ್ಯವನ್ನು ಅವನ ಜೇಬಿಗೆ ಹಾಕಿ, ಎಳ್ಳುಂಡೆ ಕೊಟ್ಟು, ಮರಾಠಿಯಲ್ಲಿ ಅವನ ಹೆಸರು ಕೇಳಿದಳು. ಮನೆಗೆ ಬಂದ ಮೇಲೆ ನಾನು ಏನು ಹೇಳಲಿ ಎಂದು ತಡವರಿಸುತ್ತಿದ್ದಾಗ ಅವಳೇ ಹೇಳಿದಳು: “ಆ ಮಗುವಿನದು ಏನೂ ತಪ್ಪಿಲ್ಲ ಕಾಕಾ. ಅದನ್ನು ಅವನ ಕೈಗೆ ಕೊಟ್ಟವರು ದೊಡ್ಡವರು.” ಮರುದಿನ ಆ ಹುಡುಗನ ತಾಯಿ ಹುಂಡಿಯನ್ನು ಷೋಕೇಸಿನಿಂದ ತೆಗೆದರು. ಅವರಿಗೆ ಯಾರೂ ಉಪದೇಶ ಮಾಡಬೇಕಾಗಲಿಲ್ಲ. ಒಳ್ಳೆಯ ಜನ, ಕಣ್ಣೆದುರು ಕಂಡದ್ದನ್ನು ಅರ್ಥ ಮಾಡಿಕೊಂಡರು.

ನಮ್ಮ ಸಿದ್ದಿಗಳ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆ ನೆಲೆಯಾದರು. ಅವರು ಹೊಲಿಯುವ ಕೌದಿಯನ್ನು ಹೊದ್ದು ನಾವು ಮಲಗಿದ್ದೇವೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಆ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ಇಷ್ಟಾದರೂ ನನ್ನ ಗೆಳೆಯ ಹುಬ್ಬಳ್ಳಿಯ ಬಸ್ಸಿನಲ್ಲಿ ಕುಳಿತರೆ ‘ಯಾವ ದೇಶ?’ ಎಂದು ಕೇಳುತ್ತಾರೆ. ಹಳಿಯಾಳ ಎಂದು ಅಚ್ಚ ಕನ್ನಡದಲ್ಲಿ ಹೇಳಿದರೆ ನಗುತ್ತಾರೆ. ‘ಮುದ್ದಾದ ಕಪ್ಪು ಹುಡುಗ’ ಎಂಬ ಅಡಿಬರಹವನ್ನು ಅವನೂ ಓದುತ್ತಾನೆ, ಸಂಪಾದಕರೇ. ಅವನು ಕನ್ನಡ ಪತ್ರಿಕೆಯ ಓದುಗ.

ಹಾಗಾದರೆ ನಮ್ಮ ರಾಕ್ಷಸರ ಮುಖವಾಡಗಳನ್ನೂ ಎಸೆಯಬೇಕೇ, ಹೊಸ ಮನೆಗೆ ಕಟ್ಟುವ ದೃಷ್ಟಿಗೊಂಬೆಯನ್ನೂ ಬಿಡಬೇಕೇ ಎಂದು ಲೇಖಕರು ಕೇಳಿದ್ದಾರೆ. ಯಕ್ಷಗಾನದ ಬಣ್ಣದ ವೇಷವನ್ನು ಕಂಡು ಬೆಳೆದವನು ನಾನು. ಆ ಮುಖ ಹೊತ್ತು ಯಾವ ಮಗುವೂ ಶಾಲೆಗೆ ಹೋಗುವುದಿಲ್ಲ, ಆ ಮುಖದ ಕಾರಣಕ್ಕೆ ಯಾರಿಗೂ ಬಾಡಿಗೆ ಮನೆ ಸಿಗದೆ ಹೋಗುವುದಿಲ್ಲ. ಆಫ್ರಿಕಾದಿಂದ ಪುಣೆಗೆ ಓದಲು ಬಂದ ಹುಡುಗರನ್ನು ಕೇಳಿ ನೋಡಿ, ಮನೆ ಹುಡುಕುವಾಗ ಎಷ್ಟು ಬಾಗಿಲು ಮುಚ್ಚಿದವು ಎಂದು. 2013ರಲ್ಲಿ ಗೋವಾದ ಸಚಿವರೊಬ್ಬರು ನೈಜೀರಿಯಾದ ಜನರನ್ನು ಕ್ಯಾನ್ಸರಿಗೆ ಹೋಲಿಸಿ, ಬಳಿಕ ಕ್ಷಮೆ ಕೇಳಿದ್ದು ಎಲ್ಲರಿಗೂ ಗೊತ್ತು. 2016ರಲ್ಲಿ ನಮ್ಮ ಬೆಂಗಳೂರಿನಲ್ಲೇ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು, ಬೇರೆ ಯಾರೋ ಮಾಡಿದ ಅಪಘಾತಕ್ಕೆ. ಮೈಬಣ್ಣ ಒಂದೇ ಎಂಬುದು ಅವಳ ತಪ್ಪು. ಜೀವಂತ ಜನರ ಮುಖವನ್ನು ವಿಕಾರ ಮಾಡಿ ನಗುವುದಕ್ಕೂ ಪುರಾಣದ ಬಕಾಸುರನಿಗೂ ಇರುವ ಅಂತರ ಇದು.

ಶಾಲೆಗಳ ವಾರ್ಷಿಕೋತ್ಸವದ ಬಗ್ಗೆಯೂ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಎಳೆಯ ಮಕ್ಕಳ ಮೈಗೆಲ್ಲ ಕಪ್ಪು ಬಳಿದು, ಸೊಂಟಕ್ಕೆ ಎಲೆ ಕಟ್ಟಿ, ತುಟಿಗೆ ಬಿಳಿ ಬಣ್ಣ ಹಚ್ಚಿ, ‘ಜಿಂಗಾಲಾಲಾ’ ಎಂದು ಕುಣಿಸಿ ಅದನ್ನು ಆದಿವಾಸಿ ನೃತ್ಯ ಎನ್ನುತ್ತಾರೆ. ಆ ಹುಂಡಿಯ ವಂಶದ್ದೇ ಇದು. ಚರ್ಮವಾದ್ಯ ಬಾರಿಸುತ್ತ ಸಿದ್ದಿಗಳು ಕುಣಿಯುವ ಡಮಾಮಿ ಕುಣಿತವನ್ನು ಒಮ್ಮೆ ನೋಡಿದವರು, ಆ ವಾದ್ಯದ ಹೊಡೆತ ಕೇಳಿದವರು, ಮಕ್ಕಳಿಂದ ಇಂಥದನ್ನು ಮಾಡಿಸಲಾರರು. ಪುಣೆ, ಮುಂಬೈಯ ನಮ್ಮ ಕನ್ನಡ ಸಂಘಗಳು ಇದನ್ನು ವೇದಿಕೆಯಿಂದ ಇಳಿಸಿ, ಆ ಕುಣಿತ ಬಲ್ಲವರನ್ನೇ ಕರೆಸಲಿ.

ಹಳೆಯದನ್ನೆಲ್ಲ ಒಡೆದು ಕುಲುಮೆಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಹಳೆಯ ವಸ್ತುಗಳ ಮೇಲೆ ನನಗೂ ಆಸೆ. ಪುಣೆಯ ರಾಜಾ ದಿನಕರ ಕೇಳಕರ್ ವಸ್ತುಸಂಗ್ರಹಾಲಯದಲ್ಲಿ ಅಡಕತ್ತರಿಗಳ ಮುಂದೆ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಫೆರಿಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪಿಲ್‌ಗ್ರಿಮ್ ಎಂಬ ಕಪ್ಪು ಸಮಾಜಶಾಸ್ತ್ರಜ್ಞರು ಇಂಥ ಹುಂಡಿ, ಗೊಂಬೆ, ಜಾಹೀರಾತುಗಳನ್ನೇ ಕೂಡಿಹಾಕಿ ಒಂದು ವಸ್ತುಸಂಗ್ರಹಾಲಯ ಕಟ್ಟಿದ್ದಾರೆ. ಇದನ್ನು ಯಾವ ಕಾಲದಲ್ಲಿ, ಯಾರನ್ನು ಕೀಳುಮಾಡಲು ಮಾಡಿದರು ಎಂದು ಅಲ್ಲಿ ವಿದ್ಯಾರ್ಥಿಗಳಿಗೆ ವಿವರಿಸುತ್ತಾರೆ. ಹಾಗೆ ಇಟ್ಟರೆ ನನ್ನ ತಕರಾರಿಲ್ಲ, ಇಡಲೇಬೇಕು. ನನ್ನ ತಕರಾರು ಇರುವುದು ಅದನ್ನು ಹೊಸದಾಗಿ ಎರಕ ಹೊಯ್ಯುವವರ ಮೇಲೆ, ಮಗುವಿಗೆ ಉಡುಗೊರೆ ಕೊಡುವವರ ಮೇಲೆ, ಏನೂ ವಿವರವಿಲ್ಲದೆ ಬುಗುರಿಯ ಪಕ್ಕದಲ್ಲಿ ಅಚ್ಚು ಹಾಕುವುದರ ಮೇಲೆ.

ಆದ್ದರಿಂದ ಮುಂದಿನ ಪುರವಣಿಯಲ್ಲಿ ಆ ಚಿತ್ರದ ಅಡಿಬರಹಕ್ಕೆ ತಿದ್ದುಪಡಿ ಹಾಕಿ; ಅದು ಏನು, ಯಾವಾಗಿನದು, ಯಾರನ್ನು ಅಣಕಿಸುತ್ತದೆ ಎಂದು ನಾಲ್ಕು ಸಾಲು ಬರೆಯಿರಿ. ಲೇಖನದಲ್ಲಿ ಹೇಳಿದಂತೆ ಆ ಸಂಗ್ರಹ ಮುಂದೆ ಪ್ರದರ್ಶನಕ್ಕೆ ಬರುವುದಾದರೆ, ಆ ಹುಂಡಿ ನಿಜಕ್ಕೂ ಹಳೆಯದೋ ನಿನ್ನೆಯ ಎರಕವೋ ಎಂದು ಸಂಗ್ರಾಹಕರಿಗೆ ನಾನೇ ಬಂದು ನೋಡಿ ಹೇಳುತ್ತೇನೆ. ವಿವರದ ಫಲಕ ಬರೆಯುವಾಗ ಹಳಿಯಾಳದ ನನ್ನ ಗೆಳೆಯನನ್ನೂ ಕೂರಿಸಿಕೊಳ್ಳೋಣ. ಅವನು ಬರಲು ಒಪ್ಪಿದ್ದಾನೆ.

ತಮ್ಮ ವಿಶ್ವಾಸಿ,
ನಿವೃತ್ತ ಫೌಂಡ್ರಿ ಕೆಲಸಗಾರ
ಭೋಸರಿ, ಪುಣೆ